ಮಗಳ ದನಿ

ಮಗಳು ಇಂಚರ ಜ್ವರದಲ್ಲಿ ತೀರಿಕೊಂಡ ಮೇಲೆ ಗಂಗಾಂಬಿಕೆ ಅವಳ ಹಾಡು, ಮಾತು, ನಗುವನ್ನೆಲ್ಲ ಫೋನಿನಿಂದ ತೆಗೆದು ಮನೆಯ ಕಂಪ್ಯೂಟರಿನ ಒಂದು ಫೋಲ್ಡರಿಗೆ ಹಾಕಿ, ಪಾಸ್‌ವರ್ಡ್ ಇಟ್ಟಳು. ಗಂಡ ಅದನ್ನು ಕೇಳಿಸಿಕೊಂಡರೆ ತಡೆದುಕೊಳ್ಳಲಾರ ಎಂಬ ಭಯ ಅವಳಿಗೆ. ಅವನು ಅಂಗಡಿಗೆ ಹೋದ ಮೇಲೆ ತಾನೊಬ್ಬಳೇ ತೆರೆದು ಕೂರುತ್ತಿದ್ದಳು. ಆ ದನಿ ಕೇಳುವಷ್ಟು ಹೊತ್ತು ಮಗಳು ಪಕ್ಕದ ಕೋಣೆಯಲ್ಲೇ ಓಡಾಡಿಕೊಂಡಿದ್ದಂತೆ ಅನ್ನಿಸುತ್ತಿತ್ತು.

ಒಂದು ದಿನ ಪಾಸ್‌ವರ್ಡ್ ತಪ್ಪೆಂದು ಬಂತು. ಮತ್ತೆ ಮತ್ತೆ ಒತ್ತಿದರೂ ತೆರೆಯಲಿಲ್ಲ. ಗಂಡ ಊಟಕ್ಕೆ ಬರುವವರೆಗೂ ಅವಳು ಅಲ್ಲಿಂದ ಏಳಲಿಲ್ಲ.

"ಇದನ್ನ ನೀವೇನಾದ್ರೂ ಮುಟ್ಟಿದ್ರಾ?"

"ಹ್ಞೂಂ, ಪಾಸ್‌ವರ್ಡ್ ಬದಲಾಯ್ಸಿದೆ."

"ಹಳೇದು ಹೆಂಗೆ ಗೊತ್ತಾಯ್ತು?"

"ನಾವು ಅವಳನ್ನ ಕರೀತಿದ್ದ ಹೆಸರು ಬಿಟ್ಟು ಇನ್ನೇನು ಇಟ್ಟಿರ್ತೀಯ? ದಿನಾ ನಿನ್ನ ಕಣ್ಣು ಊದಿರೋದು ನೋಡಕ್ಕಾಗ್ಲಿಲ್ಲ."

"ಇನ್ಮೇಲೆ ಅಳಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಹೊಸದೇನು ಹೇಳ್ರಿ."

ಅವನು ತಲೆ ತಗ್ಗಿಸಿದ.

"ನಾನೂ ಕದ್ದು ಕೇಳೋಕೆ ಶುರು ಮಾಡಿದ್ದೆ ಗಂಗಾ. ಅದಕ್ಕೇ ಅರ್ಥವಿಲ್ದಿರೋ ಅಕ್ಷರ ಚೀಟೀಲಿ ಗೀಚಿ, ನೋಡ್ಕೊಂಡು ಒತ್ತಿ, ಆ ಚೀಟೀನ ಸುಟ್ಟುಬಿಟ್ಟೆ."