ವಾಪಸಿನ ಕ್ಯಾನು

ಅಣ್ಣ ಎರಡನೇ ಕ್ಯಾನಿನ ಹಿಡಿಗೆ ಕಟ್ಟಿದ್ದ ಕೆಂಪು ಬಟ್ಟೆಯನ್ನು ಬಿಚ್ಚಿ ಕೆಳಗೆ ಹಾಕಿದಾಗ ತಂಗಿ ಬೆಚ್ಚಿ ನೋಡಿದಳು. ಬಟ್ಟೆ ಕಟ್ಟಿದ ಕ್ಯಾನಿನ ಡೀಸೆಲ್ ವಾಪಸ್ ಬರುವುದಕ್ಕೆ, ಹೋಗುವಾಗ ಅದನ್ನು ಮುಟ್ಟಬಾರದು. ಅಪ್ಪ ಇದ್ದಾಗಿನಿಂದ ಮನೆಯಲ್ಲಿ ನಡೆದುಬಂದ ನಿಯಮ ಅದು.

"ಸೇತುವೆ ಕುಸಿದಿದೆ ಅಂತ ಸುತ್ತಿ ಬಂದ್ವಲ್ಲ, ಇದನ್ನೂ ಹಾಕದಿದ್ರೆ ಆಸ್ಪತ್ರೆ ಮುಟ್ಟಲ್ಲ," ಎಂದ ಅಣ್ಣ. "ವಾಪಸ್ ಬರೋದನ್ನ ಆಮೇಲೆ ನೋಡ್ಕೊಳ್ಳೋಣ. ಆಲಿಕೆ ಗಟ್ಟಿಯಾಗಿ ಹಿಡ್ಕೋ."

"ನೆಲಕ್ಕೆ ಕುಡಿಸ್ಬೇಡ್ವೋ," ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿದ್ದ ಅಮ್ಮ ಸಣ್ಣ ದನಿಯಲ್ಲಿ ಗದರಿದಳು. "ಹಾಲು ಬಗ್ಗಿಸೋಕೆ ಹೇಳಿದ್ರೂ ಅರ್ಧ ಚೆಲ್ಲೋನು ನೀನು."

"ಬಾಯಿ ಇಷ್ಟು ಗಟ್ಟಿ ಇರೋವಾಗ ನಿಂಗೇನೂ ಆಗಲ್ಲ ಬಿಡಮ್ಮ," ಎಂದು ಅಣ್ಣ ನಕ್ಕು ಕ್ಯಾನನ್ನು ಬಗ್ಗಿಸಿದ.

ತಂಗಿ ಒಂದು ಕೈಯಲ್ಲಿ ಆಲಿಕೆ ಹಿಡಿದು, ಇನ್ನೊಂದನ್ನು ತೆರೆದ ಬಾಗಿಲಿನೊಳಕ್ಕೆ ಚಾಚಿದ್ದಳು. ಅಮ್ಮ ಅವಳ ತೋರುಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಡೀಸೆಲ್ ಗುಳುಗುಳು ಎಂದು ಟ್ಯಾಂಕಿಗೆ ಇಳಿಯುತ್ತಿದ್ದಂತೆ ಆ ಹಿಡಿತ ಸಡಿಲವಾಯಿತು. ನಿದ್ದೆ ಬಂದಿರಬೇಕು ಎಂದುಕೊಂಡಳು. ಆದರೂ ಮನಸ್ಸು ತಡೆಯದೆ ಬೆರಳನ್ನು ಬಿಡಿಸಿಕೊಂಡು ಅಮ್ಮನ ಮೂಗಿನ ಬಳಿ ಹಿಡಿದಳು. ಉಸಿರು ತಾಗಲಿಲ್ಲ. ಎದೆಯ ಮೇಲೆ ಅಂಗೈ ಇಟ್ಟು ಕಾದಳು. ಅಲ್ಲೂ ಏನೂ ಇರಲಿಲ್ಲ.

"ನೋಡಮ್ಮ, ಒಂದು ಹನಿ ಚೆಲ್ಲಿಲ್ಲ," ಎಂದ ಅಣ್ಣ, ಸುರಿಯುತ್ತಲೇ. ಬೈಗುಳಕ್ಕಾಗಿ ಕಾದ.

"ಸಾಕು ಅಣ್ಣ," ಎಂದಳು ತಂಗಿ. "ಉಳಿದದ್ದು ವಾಪಸ್ ಹೋಗೋಕೆ ಇರಲಿ."

ಅವನು ಅವಳ ಮುಖ ನೋಡಿದ. ಕ್ಯಾನನ್ನು ನಿಧಾನವಾಗಿ ಕೆಳಗಿಟ್ಟು ಮುಚ್ಚಳ ತಿರುಗಿಸಿದ. ಆಮೇಲೆ ಬಗ್ಗಿ, ಮಣ್ಣಿನಲ್ಲಿ ಆ ಕೆಂಪು ಬಟ್ಟೆಯನ್ನು ಹುಡುಕತೊಡಗಿದ.