ಎಷ್ಟು ನೋಯ್ತದೆ?

ಹೊಳವನಹಳ್ಳಿ ದಾರಿಯಲ್ಲಿ ಕಡಲೆಕಾಯಿ ಗಾಡಿ ಮಗುಚಿ, ಮೇಲೆ ಕೂತಿದ್ದ ಅಕ್ಕತಂಗಿಯರಿಬ್ಬರೂ ಕೆಳಗೆ ಸಿಕ್ಕಿದ್ದರು. ಜನ ಇನ್ನೊಂದು ಗಾಡಿ ಕಟ್ಟಿ ಇಬ್ಬರನ್ನೂ ಆಸ್ಪತ್ರೆಗೆ ತಂದರು. ಐದು ವರ್ಷದ ತಂಗಿ ಕೊಲ್ಲಾಪುರಿಯ ಮೊಣಕಾಲು ಸೀಳಿ ಲಂಗವೆಲ್ಲ ರಕ್ತ; ಅವಳ ಕೂಗಿಗೆ ಹೊರಗೆ ನಿಂತ ಎತ್ತುಗಳೂ ಬೆದರಿದವು. ಒಂಬತ್ತು ವರ್ಷದ ಅಕ್ಕ ಕದಿರಮ್ಮನ ಮೈಮೇಲೆ ಒಂದು ಗೀರೂ ಇರಲಿಲ್ಲ. ಅವಳನ್ನು ಬೆಂಚಿನ ಮೇಲೆ ಕೂರಿಸಿದರು.

ಡಾಕ್ಟರ್ ರುದ್ರಯ್ಯ ಹೊಲಿಗೆ ಹಾಕಲು ನಿಂತರು. ತಾಯಿ ದಾಸಮ್ಮ ಚಿಕ್ಕವಳನ್ನು ತಬ್ಬಿ ಹಿಡಿದಿದ್ದಳು. ಬಿಸಿನೀರಿನ ಬೋಗುಣಿ ಹಿಡಿದು ಬೆಂಚು ದಾಟುತ್ತಿದ್ದ ನರ್ಸ್ ಫಕ್ರುನ್ನೀಸಾ ಥಟ್ಟನೆ ನಿಂತಳು. ಕದಿರಮ್ಮ ಉಸಿರನ್ನು ಚೂರುಚೂರೇ ಎಳೆದುಕೊಳ್ಳುತ್ತಿದ್ದಳು. ತುಟಿ ಬಿಳುಚಿತ್ತು.

“ಎಲ್ಲಿ ನೋಯ್ತದೆ, ಬೇಟಿ?”

“ಏನಿಲ್ಲ ನರ್ಸಮ್ಮ.”

“ಸ್ವಲ್ಪ ನೋಯ್ತದಾ, ಜಾಸ್ತಿನಾ?”

ಫಕ್ರುನ್ನೀಸಾ ಬೋಗುಣಿ ಕೆಳಗಿಟ್ಟಳು. ದಾಸಮ್ಮನ ಮಡಿಲಿನಿಂದ ಉದುರಿದ ಕಡಲೆಕಾಯಿ ನೆಲದ ಮೇಲೆ ಬಿದ್ದಿದ್ದವು. ಒಂದು ಹಿಡಿ ಬಾಚಿ ಬೆಂಚಿನ ಮೇಲೆ ಹರಡಿದಳು.

“ಒಂದು ಕಾಯಿ ಅಂದ್ರೆ ಇರುವೆ ಕಚ್ಚಿದಷ್ಟು. ಎಲ್ಲಾ ಕಾಯಿ ಅಂದ್ರೆ ತಡ್ಯೋಕೇ ಆಗದಷ್ಟು. ಬಾಯಲ್ಲಿ ಹೇಳ್ಬೇಡ. ನಿನಗೆ ಎಷ್ಟು ನೋಯ್ತದೋ ಅಷ್ಟು ಕಾಯಿ ತೆಗ್ದು ಕೊಡು.”

ಕದಿರಮ್ಮ ಒಮ್ಮೆ ತಾಯಿಯ ಕಡೆ ನೋಡಿದಳು. ಆಮೇಲೆ ಎರಡೂ ಕೈಯಿಂದ ಅಷ್ಟನ್ನೂ ಬಾಚಿ ನರ್ಸಿನ ಸೆರಗಿಗೆ ಸುರಿದಳು. ನೆಲದ ಮೇಲೆ ಉಳಿದಿದ್ದಕ್ಕೂ ಕೈ ಚಾಚಿದಳು, ಬಗ್ಗಲು ಆಗಲಿಲ್ಲ.

“ಡಾಕ್ಟ್ರೇ, ಅದನ್ನ ಬುಡಿ! ಇಲ್ಲಿ ಬನ್ನಿ!”

ರುದ್ರಯ್ಯ ಅವಳ ಹೊಟ್ಟೆಯ ಮೇಲೆ ಕೈಯಿಟ್ಟರು. ಹಲಗೆಯಂತೆ ಬಿಗಿದಿತ್ತು. “ಒಳಗೆ ರಕ್ತ ಹೋಗ್ತಿದೆ. ತುಮಕೂರಿಗೆ ಕರ್ಕೊಂಡು ಹೋಗಿ, ಈಗಲೇ!”

ಆ ಕಾಲಕ್ಕೆ ಆಸ್ಪತ್ರೆಗೆ ಇನ್ನೂ ವ್ಯಾನು ಬಂದಿರಲಿಲ್ಲ. ಮಧುಗಿರಿಯಿಂದ ತುಮಕೂರಿಗೆ ಹೋಗುವ ಬಸ್ಸು ಆಗಲೇ ಊರಿನ ಸ್ಟ್ಯಾಂಡು ಬಿಟ್ಟಿತ್ತು. ಹಾರನ್ನು ಕೇಳಿದ್ದೇ ತಡ, ಫಕ್ರುನ್ನೀಸಾ ಚಪ್ಪಲಿಯನ್ನೂ ಮೆಟ್ಟದೆ ಓಡಿ ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತಳು. ಬ್ರೇಕು ಕಿರುಚಿತು.

“ಸಾಯ್ಬೇಕು ಅಂತ ಬಂದಿದ್ದೀಯೇನಮ್ಮಾ!” ಡ್ರೈವರ್ ಗದರಿದ.

“ಒಂದು ಮಗು ಉಳಿಸ್ಬೇಕು ಅಂತ ಬಂದಿದ್ದೀನಿ. ತುಮಕೂರು ಗಂಟ ಎಲ್ಲೂ ನಿಲ್ಲಿಸ್ಬೇಡಿ!”

ಹಿಂದಿನ ಸೀಟು ಕ್ಷಣದಲ್ಲಿ ಖಾಲಿಯಾಯಿತು. ಮುದುಕನೊಬ್ಬ ಹೆಗಲ ಕಂಬಳಿ ತೆಗೆದು ಹಾಸಿದ. ದಾರಿಯುದ್ದಕ್ಕೂ ಕೈ ಅಡ್ಡ ಹಿಡಿದವರನ್ನೆಲ್ಲ ಧೂಳಿನಲ್ಲಿ ಬಿಟ್ಟು ಬಸ್ಸು ಹಾರಿತು. ತಮ್ಮ ಊರುಗಳು ಕಿಟಕಿಯಾಚೆ ಸರಿದುಹೋಗುತ್ತಿದ್ದರೂ ಒಳಗಿದ್ದವರೇ ಕೂಗುತ್ತಿದ್ದರು: “ನಡೀಲಿ, ನಡೀಲಿ! ಇಳ್ಯೋರು ಯಾರೂ ಇಲ್ಲ!”

ಆಪರೇಷನ್ ಮುಗಿಸಿ ಹೊರಗೆ ಬಂದ ಸರ್ಜನ್, “ಇನ್ನರ್ಧ ಗಂಟೆ ತಡವಾಗಿದ್ದರೆ ಕೈ ಮೀರುತ್ತಿತ್ತು” ಎಂದರು. ಫಕ್ರುನ್ನೀಸಾ ಗೋಡೆಗೆ ಒರಗಿ ನಕ್ಕಳು, ನಗುತ್ತಲೇ ಅತ್ತಳು.

ವಾರದ ಮೇಲೆ ಅವಳು ನೋಡಲು ಹೋದಾಗ ಕದಿರಮ್ಮ ಗಂಜಿ ಕುಡಿಯುತ್ತಿದ್ದಳು.

“ಅಷ್ಟೊಂದು ನೋಯ್ತಿದ್ರೂ ಯಾಕೆ ಅಳಲಿಲ್ಲ ನೀನು?”

ಹುಡುಗಿ ಲೋಟ ಕೆಳಗಿಳಿಸಿದಳು.

“ಕೊಲ್ಲಾಪುರಿ ಅಳ್ತಿದ್ಲಲ್ಲ ನರ್ಸಮ್ಮ. ಇಬ್ರೂ ಅತ್ರೆ ಅವ್ವ ಯಾರ್ನ ಎತ್ಕೋತಾಳೆ?”