ಒಂಬತ್ತನೇ ಬೆಡ್ಡಿನ ನೋವು

ನಮ್ಮ ಮೂಳೆ ವಾರ್ಡಿನಲ್ಲಿ ರೋಗಿಗಳು ನರಳುವುದಿಲ್ಲ. ಮೂಳೆ ಕೂಡುವವರೆಗೂ ಅವರ ನೋವನ್ನು ತಮ್ಮ ಮೈಯಲ್ಲಿ ಹೊರುವುದು ಪಿಜಿ ಓದುತ್ತಿರುವ ಡಾಕ್ಟರುಗಳಾದ ನಾವು.

ಬೆಳಗಿನ ರೌಂಡ್ಸ್‌ನಲ್ಲಿ ಪ್ರೊಫೆಸರ್ ಬಿದರಿ ನನ್ನತ್ತ ತಿರುಗಿದರು. "ಶಾಂಭವಿ, ಎಲ್ಲೆಲ್ಲಿ ನೋವು? ಬೇಗ ಹೇಳಿ."

"ಏಳನೇ ಬೆಡ್ಡಿನದು ತೊಡೆಯಲ್ಲಿ, ಎಂಟನೆಯದು ಮೊಣಕೈಯಲ್ಲಿ. ಒಂಬತ್ತನೇ ಬೆಡ್ಡಿನದು ಎಡಪಾದದಲ್ಲಿ, ಸರ್. ಅದೊಂದು ಮಾತ್ರ ಕಾಲೂರೋಕೇ ಬಿಡ್ತಿಲ್ಲ."

"ಹತ್ತು ಗಂಟೆಗೆ ಆಪರೇಷನ್ ಇದೆ. ಕುಂಟೋ ಪಿಜಿ ನನಗೆ ಬೇಡ. ನೆಟ್ಟಗೆ ನಿಲ್ಲಿ."

ಹಲ್ಲು ಕಚ್ಚಿಕೊಂಡು ನಿಂತೆ. ಬೆನ್ನೆಲ್ಲ ಬೆವರಿತು.

ಪ್ರೊಫೆಸರ್ ಒಂಬತ್ತನೇ ಬೆಡ್ಡಿನ ಪರದೆ ಸರಿಸಿದರು. ಹಾಸಿಗೆ ಖಾಲಿ.

"ಆ ಅಜ್ಜಿ ಗುಣವಾಗಿ ಮನೆಗೆ ಹೋಗಿ ಮೂರು ದಿನ ಆಯ್ತಲ್ಲ," ಎಂದರು ನರ್ಸ್ ಲಿಲ್ಲಿ.

ಮೊನ್ನೆ ಆಪರೇಷನ್ ಥಿಯೇಟರಿನ ಮೆಟ್ಟಿಲಲ್ಲಿ ಜಾರಿದ್ದು ಆಗ ನೆನಪಾಯಿತು. ಬಗ್ಗಿ ಎಡಗಾಲಿನ ಶೂ ಎಳೆದೆ. ಊದಿಕೊಂಡ ಪಾದದಿಂದ ಅದು ಕಳಚಲೇ ಇಲ್ಲ.